ಹಸಿ ಬಣ್ಣ

ತೋರುಬೆರಳಿಗೆ ನೀಲಿ ಬಣ್ಣ ಹತ್ತಿದ್ದನ್ನು ನೋಡಿ ಸುಜಯ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ದನದ ಕೊಟ್ಟಿಗೆಯ ತೊಲೆಗೆ ತೂಗುಹಾಕಿದ್ದ ಸೈಕಲ್ಲಿನ ಫ್ರೇಮು ಮುಂದಿನ ಅರ್ಧ ನೀಲಿ, ಹಿಂದಿನ ಅರ್ಧ ಕೆಂಪಾಗಿ ಹೊಳೆಯುತ್ತ ಗಾಳಿಗೆ ನಿಧಾನ ತಿರುಗುತ್ತಿತ್ತು. ಮೂರು ದಿನದ ಹಿಂದೆ ಮೊಬೈಲಿಗೆ ಬಂದ ಫೋಟೋದಲ್ಲಿ ಅದು ಹಸಿರಾಗಿತ್ತು. ಧೂಳು ಹಿಡಿದ, ಅಲ್ಲಲ್ಲಿ ಚಕ್ಕೆ ಎದ್ದ, ಬೇರೆ ಯಾರಾದರೂ ನೋಡಿದರೆ ಮೂಗು ಮುರಿಯುವಂಥ ಹಸಿರು. ಅವನಿಗೆ ಬೇಕಾಗಿದ್ದದ್ದು ಅದೇ.

"ಹೆಂಗೈತ್ರಿ ಪಾವಣ್ಯಾರ?" ಬಾಗಿಲಲ್ಲಿ ನಿಂತಿದ್ದ ಧರೆಪ್ಪ ಬಂದ ಅತಿಥಿಯನ್ನು ಕೇಳಿದ. ಎಂಬತ್ತು ದಾಟಿದ ಮುದುಕ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಧೋತರದ ಮೇಲೆ, ಮೊಣಕೈ ಮೇಲೆ, ಬಿಳಿ ಮೀಸೆಯ ತುದಿಗೆ ಸಹ ನೀಲಿಯೂ ಕೆಂಪೂ ಸಿಡಿದಿದ್ದವು. "ನಿನ್ನಿ ಮುಂಜಾನಿಂದ ಕುಂತೀನ್ರಿ. ಕಾರ ಹುಣ್ಣವಿಗೆ ಎತ್ತಿನ ಕೋಡಿಗಿ ಹಚ್ಚಿ ಉಳದ ಬಣ್ಣಾ. ಗಟ್ಟಿ ಐತಿ, ಮಳಿಗೂ ಹೋಗೂದಿಲ್ಲ."

"ಯಾಕ ಹಚ್ಚಿದ್ರಿ ಅಜ್ಜಾರ?" ಸುಜಯನ ದನಿ ಅವನಿಗೇ ಬೇಡವೆನಿಸುವಷ್ಟು ಮೇಲೆ ಹೋಯಿತು.

"ಯಾಕಂದ್ರ? ಮನಿಯಿಂದ ಹೊರಗ ಹೋಗೂದು ಹೊಲಸ ಇರಬಾರದ್ರಿ. ಎತ್ತ ಕೊಡೂ ಮುಂದ ಮೈ ತೊಳದ, ಕೋಡಿಗಿ ಬಣ್ಣಾ ಹಚ್ಚಿ, ಹಣಿಗಿ ಕುಂಕುಮ ಇಟ್ಟ ಕೊಡೂದಿಲ್ಲೇನು? ಇದೂ ನಮ್ಮ ಕೊಟ್ಟಿಗ್ಯಾಗ ಇಪ್ಪತ್ತ ವರ್ಷ ಇದ್ದ ಜೀವ. ಅಲ್ಲೊಂದ ಇಲ್ಲೊಂದ ತಗ್ಗ ಇದ್ದುವು, ಬಾಗಲಾ ಮಾಡಾಕ ತಂದ ಪುಟ್ಟಿ ಮೆತ್ತಿ ಸಪಾಟ ಮಾಡೇನಿ."

"ಎಲ್ಲೆಲ್ಲಿ ಇದ್ದುವ್ರಿ ತಗ್ಗು?"

"ಯಾರಿಗೆ ನೆನಪ್ರಿ? ಕೈಗಿ ಹತ್ತಿದಲ್ಲೆಲ್ಲಾ ತುಂಬೀನಿ." ಮುದುಕ ಹೆಮ್ಮೆಯಿಂದ ನಕ್ಕ.

ಸುಜಯನಿಗೆ ಸಿಟ್ಟು ಬಂತು. ಸಿಟ್ಟು ಮುದುಕನ ಮೇಲಲ್ಲ, ತನ್ನ ಮೇಲೆ. ಹಳೆಯ ಸೈಕಲ್ಲು ಮಾರುವ ಯಾರೇ ಫೋನು ಮಾಡಲಿ, ಅವನ ಬಾಯಿಂದ ಬರುವ ಮೊದಲ ಮಾತು ಒಂದೇ: ಒರೆಸಬ್ಯಾಡ್ರಿ, ತೊಳಿಬ್ಯಾಡ್ರಿ, ಧೂಳ ಇದ್ರ ಧೂಳ ಇರಲಿ. ಹದಿಮೂರು ವರ್ಷದಲ್ಲಿ ಈ ಮಾತು ಹೇಳದೆ ಅವನು ಒಂದು ಫ್ರೇಮನ್ನೂ ಕೊಂಡಿರಲಿಲ್ಲ. ಇಲ್ಲಿ ಮಾತ್ರ ಹೇಳುವುದು ಮರೆತ. ಫೋಟೋದಲ್ಲಿ ಮೇಲಿನ ಪೈಪಿನ ಮೇಲೆ ಬಿಳಿಯ ಅಕ್ಷರದಲ್ಲಿ ಬರೆದಿದ್ದ 'ಸಿದ್ದಲಿಂಗ, ಜುಗೂಳ' ಎಂಬ ಹೆಸರು ಓದಿದ ಮೇಲೆ ಅವನಿಗೆ ಬೇರೆ ಏನೂ ಹೊಳೆದಿರಲಿಲ್ಲ.

ನಿಪ್ಪಾಣಿಯಲ್ಲಿ ಸುಜಯನ ಅಪ್ಪ ತಂಬಾಕು ತುಂಬಿಡುತ್ತಿದ್ದ ವಖಾರಿ ಇತ್ತು. ಅಪ್ಪ ಹೋದ ಮೇಲೆ ಅಣ್ಣ ವ್ಯಾಪಾರ ನೋಡಿಕೊಂಡ, ವಖಾರಿಯ ಒಂದು ಕೋಣೆ ಸುಜಯನ ಪಾಲಿಗೆ ಬಂತು. ಅಲ್ಲೀಗ ತಂಬಾಕಿನ ಬದಲು ರೇಸ್ ಸೈಕಲ್ಲಿನ ಹಳೆಯ ಉಕ್ಕಿನ ಫ್ರೇಮುಗಳು ಸಾಲಾಗಿ ತೂಗುತ್ತವೆ. ಮೂವತ್ತು ನಲವತ್ತು ವರ್ಷದ ಹಿಂದೆ ಈ ಸೀಮೆಯ ಹುಡುಗರು ಶರ್ಯತ್ತಿನಲ್ಲಿ ಓಡಿಸಿದವು. ಎಮ್ಮೆ ಮಾರಿ, ತಂಗಿಯ ಬಳೆ ಒತ್ತೆ ಇಟ್ಟು ಮುಂಬೈಯಿಂದ ತರಿಸಿದವು. ಈಗ ಪುಣೆಯ ಇಂಜಿನಿಯರುಗಳು, ಕೊಲ್ಹಾಪುರದ ಒಬ್ಬ ಹಲ್ಲಿನ ಡಾಕ್ಟರು ಅವನ್ನು ಕೊಂಡು ಗೋಡೆಗೆ ನೇತುಹಾಕಿಕೊಳ್ಳುತ್ತಾರೆ. ಅವರಿಗೆ ಹಳೆಯ ಬಣ್ಣ ಬೇಕು, ಹಳೆಯ ಗೀರು ಬೇಕು. ಹೊಸ ಬಣ್ಣ ಬಳಿದದ್ದನ್ನು ತೋರಿಸಿದರೆ ಫೋನು ಇಟ್ಟುಬಿಡುತ್ತಾರೆ. "ಮಂದಿ ಅಟ್ಟಾ ಖಾಲಿ ಮಾಡಾಕತ್ತಾರ, ನೀವು ತುಂಬಾಕತ್ತೀರಿ" ಎಂದು ಹೆಂಡತಿ ಪೂನಮ ಆಗಾಗ ಚುಚ್ಚುತ್ತಾಳೆ. ಅವನು ವಾರದಲ್ಲಿ ನಾಲ್ಕು ದಿನ ಬೈಕು ಹತ್ತಿ ರಾಯಬಾಗ, ಚಿಕ್ಕೋಡಿ, ಅಥಣಿ ಅಂತ ತಿರುಗುತ್ತಾನೆ. ಮನೆಯಲ್ಲಿ ಕೂತರೆ ಕಾಲು ಕುಣಿಯುತ್ತವೆ. ಬೇಕಾದಷ್ಟು ಮಾಲು ಇದ್ದರೂ ಯಾಕೆ ತಿರುಗುತ್ತಾನೆಂದು ಪೂನಮಳಿಗೆ ಅರ್ಥವಾಗಿಲ್ಲ. ಅವನೂ ಹೇಳಿಲ್ಲ. ಅವನು ಇಷ್ಟು ವರ್ಷ ಹುಡುಕುತ್ತಿದ್ದದ್ದು ಒಂದೇ ಒಂದು ಹಸಿರು ಫ್ರೇಮನ್ನು.

ಇಪ್ಪತ್ತಮೂರು ವರ್ಷದ ಹಿಂದೆ ಕಾಗವಾಡ–ಅಥಣಿ ರಸ್ತೆಯಲ್ಲಿ ನಡೆದ ನಲವತ್ತು ಕಿಲೋಮೀಟರಿನ ಶರ್ಯತ್ತು. ಗೆದ್ದವನನ್ನು ರಾಜ್ಯ ತಂಡದ ಆಯ್ಕೆಗೆ ಕಳಿಸುವುದಾಗಿ ತೀರ್ಪು ಕೊಡುವ ಪಂಚರು ಮೊದಲೇ ಹೇಳಿದ್ದರು. ಕೊನೆಗೆ ಉಳಿದವರು ಇಬ್ಬರೇ, ನಿಪ್ಪಾಣಿಯ ಸುಜಯ ಮತ್ತು ಜುಗೂಳದ ಸಿದ್ದಲಿಂಗ. ಗುರಿ ಇನ್ನೂರು ಹೆಜ್ಜೆ ದೂರ ಇರುವಾಗ, ರಸ್ತೆ ತಿರುಗುವಲ್ಲಿ, ಎರಡೂ ಸೈಕಲ್ಲು ಡಿಕ್ಕಿಯಾಗಿ ಇಬ್ಬರೂ ಬಿದ್ದರು. ಹಿಂದೆ ಬರುತ್ತಿದ್ದ ಪಂಚರ ಜೀಪು ತಿರುವಿನಲ್ಲಿ ಬ್ರೇಕು ಹಿಡಿಯುವಷ್ಟರಲ್ಲಿ ಸುಜಯನ ಸೈಕಲ್ಲಿನ ಮೇಲೆ ಹಾದು, ಅದರಲ್ಲಿ ಮುಂದು ಯಾವುದು ಹಿಂದು ಯಾವುದು ತಿಳಿಯದ ಹಾಗೆ ಮಾಡಿತ್ತು. ಸುಜಯನ ಹುಬ್ಬು ಹರಿದು ಮುಖವೆಲ್ಲ ರಕ್ತ. ಪಂಚರಲ್ಲಿ ಒಬ್ಬರು ಅವನನ್ನು ಎತ್ತಿ ಕೂರಿಸಿ, "ಅವ ಹಿಂದಿಂದ ಬಂದ ಹೊಡದನೇನೋ?" ಎಂದು ಕೇಳಿದರು. ಸುಜಯ "ಹೂಂ" ಎಂದ.

ಅಷ್ಟೇ. ಒಂದು ಹೂಂ. ಸಿದ್ದಲಿಂಗನನ್ನು ಎರಡು ವರ್ಷ ಶರ್ಯತ್ತಿನಿಂದ ಹೊರಗಿಟ್ಟರು. ಸುಜಯ ಆಯ್ಕೆಗೆ ಹೋದ, ಮೂರು ವರ್ಷ ಓಡಿಸಿದ, ಮೊಣಕಾಲು ಕೆಟ್ಟು ತಿರುಗಿ ಬಂದ. ಆದರೆ ಆ ತಿರುವಿನಲ್ಲಿ ಅವನ ತಲೆ ಕೆಳಗಿತ್ತು. ತನ್ನ ಮುಂದಿನ ಗಾಲಿ, ಆಮೇಲೆ ಡಾಂಬರು, ಇವೆರಡನ್ನು ಬಿಟ್ಟು ಅವನು ಏನನ್ನೂ ನೋಡಿರಲಿಲ್ಲ. ಯಾರು ಯಾರಿಗೆ ಹೊಡೆದರೋ ಅವನಿಗೆ ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ಅದೇನೂ ದೊಡ್ಡದೆನಿಸಲಿಲ್ಲ. ಹಳೆಯ ಫ್ರೇಮುಗಳ ವ್ಯಾಪಾರಕ್ಕೆ ಇಳಿದು, ಪೈಪಿನ ತಗ್ಗು ನೋಡಿ ಪೆಟ್ಟು ಯಾವ ಕಡೆಯಿಂದ ಬಿದ್ದಿತೆಂದು ಹೇಳಲು ಕಲಿತ ಮೇಲೆ ಅದು ಒಳಗೆ ಕೊರೆಯತೊಡಗಿತು. ಸಿದ್ದಲಿಂಗ ಹಿಂದಿನಿಂದ ಬಂದು ಹೊಡೆದಿದ್ದರೆ ಅವನ ಫ್ರೇಮಿನ ಮುಂಭಾಗ ನಜ್ಜಾಗಿರಬೇಕು. ತಾನೇ ಹಿಂದಿನಿಂದ ಹೋಗಿ ಹೊಡೆದಿದ್ದರೆ ಅದರ ಹಿಂಭಾಗದಲ್ಲಿ ಗುರುತು ಇರಬೇಕು. ಕೇಳಬೇಕೆಂದರೆ ಆ ಫ್ರೇಮನ್ನೇ ಕೇಳಬೇಕು.

ಫೋಟೋದಲ್ಲಿ ಹಿಂಭಾಗವನ್ನು ಗೊಬ್ಬರದ ಚೀಲ ಮರೆಮಾಡಿತ್ತು. ಇನ್ನೊಂದು ಫೋಟೋ ಕಳಿಸಿ ಎಂದರೆ, "ಬಂದ ನೋಡ್ರಿ" ಎಂದು ಉತ್ತರ ಬಂತು. ಫೋಟೋ ಕಳಿಸಿದವಳು ಸಿದ್ದಲಿಂಗನ ಹೆಂಡತಿ ಶಿವಗಂಗವ್ವ. ಕೊಟ್ಟಿಗೆ ಕೆಡವಿ ಹೊಸದು ಕಟ್ಟುವವರಿದ್ದರು, ಗೋಡೆಗಿದ್ದದ್ದನ್ನೆಲ್ಲ ಖಾಲಿ ಮಾಡಬೇಕಿತ್ತು. ಮನೆಯಲ್ಲಿ ಯಾರು ಯಾವಾಗ ಇರುತ್ತಾರೆಂದು ಸುಜಯ ನಯವಾಗಿ ವಿಚಾರಿಸಿದ. "ಗುರುವಾರ ಅವರು ಸತ್ತಿ ಊರಿಗೆ ಹೊಕ್ಕಾರ್ರಿ, ಸಂಜೀಕ ಬರತಾರ. ಮಾವನೋರು ಇರತಾರ" ಎಂದಿದ್ದಳು. ಅವನು ಗುರುವಾರವನ್ನೇ ಆರಿಸಿಕೊಂಡ. ಹೆಸರು ಕೇಳಿದಾಗ "ಸನ್ಮತಿ ಸೈಕಲ್" ಎಂದು ಮಗಳ ಹೆಸರಿನ ಅಂಗಡಿಯ ಹೆಸರನ್ನು ಹೇಳಿ ಪಾರಾಗಿದ್ದ. ಬಂದು, ನೋಡಿ, ಕೊಂಡು, ಸಿದ್ದಲಿಂಗ ಬರುವುದರೊಳಗೆ ಅಂಕಲಿಯ ಸೇತುವೆ ದಾಟಿಬಿಡಬೇಕು. ಹಂಚಿಕೆ ಅಷ್ಟು ಚೊಕ್ಕವಾಗಿತ್ತು.

"ಅಡ್ಡಿಯಿಲ್ರಿ ಅಜ್ಜಾರ, ಹಿಂಗ ಕಟಗೊಂಡ ಹೋಗತೇನಿ" ಎಂದು ಅವನು ಬೈಕಿನ ಕಡೆ ಹೊರಟ.

"ಹಸಿ ಬಣ್ಣದ ಮ್ಯಾಲ ಹಗ್ಗಾ ಬಿಗಿತೀರೇನು? ನಾ ಎರಡ ದಿನಾ ಕುಂತ ಹಚ್ಚಿದ್ದ ಹಾಳಾಗತೈತಿ." ಧರೆಪ್ಪ ಬಾಗಿಲಿಗೆ ಅಡ್ಡ ನಿಂತ. "ಇನ್ನ ಎರಡ ತಾಸಿಗೆ ಒಣಗತೈತಿ. ಹೊತ್ತ ಮುಳಗೂ ಮುಂದ ಅಂಗಳದಾಗ ನಿಂತ ಕೊಡತೇನಿ. ಹಗ್ಗಾ ತಂದೀರಿಲ್ಲೋ? ನಮ್ಮ ಹಗ್ಗಾ ನಾವು ಕೊಡೂದಿಲ್ಲ ಮತ್ತ."

"ತಂದೀನ್ರಿ."

"ಮತ್ತ ಮೂರ ಸಲ ಕೇಳತೇವ್ರಿ, ಐಬ, ಕುಂದ ಏನಾರ ಕಂಡಿತೇನಂತ. ಹೌದಂದ್ರ ಹೌದ, ಇಲ್ಲಂದ್ರ ಇಲ್ಲ. ಮೂರ ಸಲ ಇಲ್ಲ ಅಂದಮ್ಯಾಲ ನೀವು ಅದನ್ನ ತಿರುಗಿ ತರಾಕ ಬರೂದಿಲ್ಲ. ನಮ್ಮಪ್ಪ, ಅವರಪ್ಪ, ಎತ್ತ ಕೊಟ್ಟದ್ದು ಹಿಂಗ."

ಒಳಗಿನಿಂದ ಶಿವಗಂಗವ್ವ ಚಹಾ ತಂದಳು. ಬಸಿಯಲ್ಲಿ ಸುರಿದು ಕೊಡುತ್ತ, "ಸನ್ಮತಿ ಅಂದ್ರ ಜೈನ್ರ ಅಲ್ಲೇನ್ರಿ? ಹೊತ್ತ ಮುಳಗೂದ್ರೊಳಗ ಉಣ್ಣಾವ್ರು ನೀವು. ರೊಟ್ಟಿ ಬಡೀತೇನಿ, ಉಳ್ಳಾಗಡ್ಡಿ ಹಾಕೂದಿಲ್ಲ" ಎಂದಳು. ಬೇಡವೆಂದರೂ ಕೇಳಲಿಲ್ಲ. ಮರೆಮಾಡಲು ಕೊಟ್ಟ ಹೆಸರೇ ಅವನನ್ನು ಊಟಕ್ಕೆ ಕೂರಿಸಿತು.

ಸುಜಯ ಅಂಗಳದಲ್ಲಿ ಹೊಸ ಇಟ್ಟಿಗೆಯ ಸಾಲಿನ ಮೇಲೆ ಕೂತ, ಎದ್ದ, ಬೈಕಿನ ತನಕ ಹೋಗಿ ಬಂದ, ಮೊಬೈಲು ತೆಗೆದು ಗಂಟೆ ನೋಡಿದ. ನಾಲ್ಕೂ ಹತ್ತು. ಮತ್ತೆ ನೋಡಿದ. ನಾಲ್ಕೂ ಹನ್ನೊಂದು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು, ಬಣ್ಣ ಒಣಗಿಸುವಷ್ಟು ಅಲ್ಲ. ಕಬ್ಬಿನ ಟ್ರಾಕ್ಟರು ಹಾದಾಗಲೆಲ್ಲ ಅವನ ಕತ್ತು ರಸ್ತೆಯ ಕಡೆ ತಿರುಗುತ್ತಿತ್ತು.

"ನಿಮಗ ಭಾಳ ಅವಸರ ಕಾಣತೈತಿ" ಎಂದ ಧರೆಪ್ಪ, ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತ. "ಈ ಸೈಕಲ್ಲೂ ಅವಸರದಿಂದನ ಹಾಳಾತ ನೋಡ್ರಿ."

ಮುದುಕನಿಗೆ ಯಾರೂ ಕೇಳಬೇಕಾಗಿರಲಿಲ್ಲ.

"ನನ್ನ ಮಗಾ ಶರ್ಯತ್ತ ಹೊಡೀತಿದ್ದ. ಗಾಳಿ ಹೊಡದಂಗ ಹೊಡೀತಿದ್ದ. ನಾ ಹೊಳಿದಂಡಿ ಎರಡ ಎಕರೆದಾಗಿನ ಕಬ್ಬಿನ ರೊಕ್ಕದಾಗ ಇದನ್ನ ಕೊಡಸಿದ್ದೆ. ಕಡೀ ಶರ್ಯತ್ತಿನಾಗ ಗೆಲ್ಲಬೇಕಂತ ಯಾರೋ ನಿಪ್ಪಾಣಿ ಹುಡುಗನ ಹಿಂದಿಂದ ಹೋಗಿ ಹೊಡದನಂತ. ಆ ಹುಡುಗನ ಮಾರಿತುಂಬ ರಕ್ತಾ. ಪಂಚರು ಹೇಳಿದ್ರು. ಅವರು ಸುಳ್ಳ ಯಾಕ ಹೇಳತಾರ? ಗುರಿ ಕಡೆ ನಾನೂ ನಿಂತಿದ್ದೆ. ಓಡಿಹೋಗಿ, ಅಷ್ಟ ಮಂದಿ ಮುಂದ, ಅವನ ಕಪಾಳಕ್ಕ ಹೊಡದೆ." ಮುದುಕ ತನ್ನ ಬಲಗೈಯನ್ನು ತಿರುವಿ ಅಂಗೈ ನೋಡಿಕೊಂಡ, ಅದು ಕಾಣಿಸುವ ಹಾಗೆ. "ಸೈಕಲ್ಲು ನಾನ ಹೆಗಲ ಮ್ಯಾಲ ಹೊತ್ತ ತಂದ ಇಲ್ಲಿ ಗ್ವಾಡಿಗಿ ಹಾಕಿದೆ. ಗಾಲಿ, ಸರಪಳಿ ಎಲ್ಲಾ ತುಕ್ಕ ಹಿಡದ ಹೋದ್ವು. ಇದೊಂದ ಉಳೀತ."

"ಅಂವ ಏನ ಅಂದನ್ರಿ?"

"ಏನೂ ಅನಲಿಲ್ಲ. ಇವತ್ತಿಗೂ ಅಂದಿಲ್ಲ. ಗುಳಗಿ ತಗೊಂಡ್ಯಾ ಅಂತಾನ. ನೀರ ಬಿಟ್ಟ ಬಂದ್ಯಾ ಅಂತಾನ. ಎಷ್ಟ ಬೇಕೋ ಅಷ್ಟ. ಹದಿನೆಂಟ ವರ್ಷ ನನ್ನ ಜೋಡಿ ಹಾಡಿಕೋತ ಹೊಲಕ್ಕ ಬರತಿದ್ದ ಹುಡುಗ್ರಿ ಅಂವ." ಮುದುಕ ಮೀಸೆ ಒರೆಸಿಕೊಂಡ. ನೀಲಿ ಇನ್ನಷ್ಟು ಹರಡಿತು. "ಸುಳ್ಳ ಮಾಡಿ ಗೆಲ್ಲಾಕ ಹೋದನಲ್ಲ ಅಂತ ನನಗ ಸಂಕಟ. ಹೊಡದೆನಲ್ಲ ಅಂತ ಅವಗ ಸಂಕಟ. ಹೋಗಲಿ ಬಿಡ್ರಿ, ಇವತ್ತ ಇದೂ ಮನಿ ಬಿಡತೈತಿ."

ಸುಜಯನಿಗೆ ಕೂರಲಾಗಲಿಲ್ಲ. ಬಣ್ಣ ನೋಡಿ ಬರುತ್ತೇನೆ ಎಂದು ಎದ್ದ. ಕೊಟ್ಟಿಗೆಯ ಒಳಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ನಿಂತ. ಕಿಸೆಯಲ್ಲಿ ಟಾರ್ಚು, ಮ್ಯಾಗ್ನೆಟ್ಟು, ಅಳತೆಯ ಟೇಪು, ವ್ಯಾಪಾರದ ಸರಂಜಾಮೆಲ್ಲ ಇತ್ತು. ಯಾವುದನ್ನೂ ತೆಗೆಯಲಿಲ್ಲ. ಮೊದಲು ಮುಂದಿನ ಗಾಲಿಯನ್ನು ಹಿಡಿಯುವ ಚಿಮಟಾದ ಎರಡೂ ಕಾಲನ್ನು ಬೆರಳಲ್ಲಿ ಸವರಿದ. ನೇರ, ಕಬ್ಬಿನ ಗಳದ ಹಾಗೆ ನೇರ. ಎಲ್ಲೂ ಪುಟ್ಟಿ ಇರಲಿಲ್ಲ. ಹ್ಯಾಂಡಲ್ಲು ಕೂರುವ ತಲೆಯ ಹಿಂದಿನ ಪೈಪಿನ ಕೆಳಗೆ ಕೈ ಹಾಕಿದ. ಮುಂದಿನಿಂದ ಪೆಟ್ಟು ತಿಂದ ಫ್ರೇಮು ಮೊದಲು ಸುಕ್ಕಾಗುವುದು ಅಲ್ಲೇ. ಅಲ್ಲೂ ನುಣ್ಣಗಿತ್ತು. ಇಲ್ಲಿಗೇ ನಿಲ್ಲಿಸಿಬಿಡೋಣ ಎನಿಸಿತು. ಮನೆಗೆ ಒಯ್ದು ನಿಧಾನ ನೋಡಿದರಾಯಿತು, ಅಥವಾ ನೋಡದೆಯೂ ಇಡಬಹುದು. ಆದರೆ ಕೈ ಆಗಲೇ ಹಿಂದಕ್ಕೆ ಹೋಗಿತ್ತು. ಹಿಂದಿನ ಗಾಲಿಯನ್ನು ಹಿಡಿಯುವ ತೆಳ್ಳನೆಯ ಪೈಪುಗಳಲ್ಲಿ ಎಡಗಡೆಯದು ಸರಿಯಾಗಿತ್ತು. ಬಲಗಡೆಯದರ ಮೇಲೆ ಒಂದು ಕಡೆ ಬಣ್ಣ ಸ್ವಲ್ಪ ಮಂಕಾಗಿತ್ತು. ಹೆಬ್ಬೆರಳಿಟ್ಟು ಒತ್ತಿದ. ಪುಟ್ಟಿ ಇನ್ನೂ ಮೆತ್ತಗಿತ್ತು.

ಹೆಬ್ಬೆರಳು ಉಗುರು ಮುಳುಗುವ ತನಕ ಒಳಗೆ ಹೋಯಿತು.

ಓರೆಯಾದ ತಗ್ಗು. ಹಿಂದೆ ಆಳ, ಮುಂದಕ್ಕೆ ಬರುತ್ತ ಬರುತ್ತ ತೇಲಿಹೋಗಿತ್ತು. ಹಿಂದಿನಿಂದ ನುಗ್ಗಿದ ಸೈಕಲ್ಲಿನ ಮುಂದಿನ ಗಾಲಿಯ ನಟ್ಟು ಕೆತ್ತಿ ಹೋದ ತಗ್ಗು. ಇಂಥವನ್ನು ಅವನು ಹತ್ತಾರು ಕಂಡಿದ್ದ. ಗಿರಾಕಿಗಳಿಗೆ ತೋರಿಸಿ, ನೋಡ್ರಿ ಸಾಹೇಬ್ರ, ಇದು ಹಿಂದಿಂದ ಹೊಡಸಿಕೊಂಡ ಗಾಡಿ ಎಂದು ವಿವರಿಸಿದ್ದ. ಎರಡನೆಯ ಸಲ ನೋಡಬೇಕಾಗಿರಲಿಲ್ಲ. ಬೆರಳು ಹೊರಗೆ ತೆಗೆದಾಗ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ, ಬಿಳಿ ಪುಟ್ಟಿ, ಜೊತೆಗೆ ಹಳೆಯ ಹಸಿರಿನ ಒಂದು ಸಣ್ಣ ಚಕ್ಕೆ. ತನಗೆ ಗೊತ್ತೇ ಇತ್ತು, ಮೊದಲಿನಿಂದಲೂ ಗೊತ್ತಿತ್ತು ಎನಿಸಿತು.

ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತ ಸದ್ದು. "ಬಂದ ನೋಡ್ರಿ ನನ್ನ ಮಗಾ" ಎಂದಿತು ಧರೆಪ್ಪನ ದನಿ.

ಸಿದ್ದಲಿಂಗ ದಪ್ಪಗಾಗಿದ್ದ, ಗಡ್ಡ ಅರ್ಧ ಬೆಳ್ಳಗಾಗಿತ್ತು. ಕೊಟ್ಟಿಗೆಯಿಂದ ಹೊರಬಂದ ಸುಜಯನನ್ನು ನೋಡಿ "ನಮಸ್ಕಾರ್ರಿ" ಎಂದ, ಹೊಸಬರಿಗೆ ಹೇಳುವಂತೆ. ಸುಜಯನೂ ಕೈ ಮುಗಿದ, ಹೆಬ್ಬೆರಳನ್ನು ಇನ್ನೊಂದು ಅಂಗೈಯಲ್ಲಿ ಮುಚ್ಚಿಕೊಂಡು. ಶಿವಗಂಗವ್ವ ಪಡಸಾಲೆಯಲ್ಲಿ ಎರಡು ತಾಟು ಹಾಕಿದಳು. ಸುಜಯ ಕೈ ತೊಳೆದ. ಎಣ್ಣೆಬಣ್ಣ ನೀರಿಗೆ ಹೋಗುತ್ತದೆಯೇ? ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾದ ಹಿಂಡಿ. ಅವನು ಕೆಂಪು ಹೆಬ್ಬೆರಳಿನಿಂದಲೇ ರೊಟ್ಟಿ ಮುರಿದ. ಎದುರಿಗೆ ಕೂತ ಸಿದ್ದಲಿಂಗ ಒಮ್ಮೆ ಆ ಬೆರಳನ್ನು, ಒಮ್ಮೆ ಅವನ ಹುಬ್ಬನ್ನು ನೋಡಿ ಊಟಕ್ಕೆ ತಲೆ ಬಗ್ಗಿಸಿದ.

"ಗುಳಗಿ ತಗೊಂಡ್ಯಾ?" ಎಂದು ಅಪ್ಪನನ್ನು ಕೇಳಿದ.

"ಹೂಂ" ಎಂದ ಧರೆಪ್ಪ.

ಊಟವಾದ ಮೇಲೆ ಹಿತ್ತಲಿನ ನಳದ ಹತ್ತಿರ ಇಬ್ಬರೇ ಆದರು. ಸಿದ್ದಲಿಂಗ ಕೊಡದಿಂದ ನೀರು ಹನಿಸುತ್ತ, "ಪುಟ್ಟಿ ಭಾಳ ಮೆತ್ತಗಿತ್ತೇನು?" ಎಂದ.

ಸುಜಯನ ಕೈ ನೀರಿನ ಕೆಳಗೆ ನಿಂತುಬಿಟ್ಟಿತು. "ಗುರ್ತ ಹಿಡದೇನು?"

"ಸನ್ಮತಿ ಸೈಕಲ್ ಅಂತ ಇಕಿ ಹೇಳಿದ ದಿನಾನ ಗುರ್ತ ಹಿಡದೀನಿ. ಊರ ಊರ ಹಳೇ ಸೈಕಲ್ ಹುಡುಕ್ಯಾಡಾಂವ ಈ ಕಡೆ ಇನ್ನೊಬ್ಬ ಯಾರದಾನ? ನಿನ್ನ ಮಾರಿ ನೋಡೂದ ಬ್ಯಾಡ ಅಂತನ ಸತ್ತಿಗಿ ಹೋದೆ. ನೀ ಲಗೂನ ಹೋಗಿರತಿ ಅನಕೊಂಡಿದ್ದೆ."

"ಬಣ್ಣ ಒಣಗಲಿಲ್ಲ."

ಸಿದ್ದಲಿಂಗ ಮೂಗಿನಲ್ಲಿ ನಕ್ಕ. ಬೇಗ ನಿಲ್ಲಿಸಿದ.

"ನಾ ಅವತ್ತ ನೋಡಿರಲಿಲ್ಲೋ ಸಿದ್ದಲಿಂಗ" ಎಂದ ಸುಜಯ. ವರ್ಷಗಟ್ಟಲೆ ಬೈಕಿನ ಮೇಲೆ ಒಬ್ಬನೇ ಹೇಳಿಕೊಂಡು ರೂಢಿಯಾದ ಮಾತುಗಳು ಈಗ ಬಾಯಲ್ಲಿ ಸಾಲಾಗಿ ನಿಲ್ಲಲಿಲ್ಲ. "ತಲಿ ಕೆಳಗಿತ್ತ. ಅವರ ಕೇಳಿದ್ರು. ಹೂಂ ಅಂದೆ."

"ನೋಡದ ಹೂಂ ಅಂದಿ."

"ಹೂಂ."

"ಈಗರ ನೋಡಿದೇನು?"

ಸುಜಯ ಹೆಬ್ಬೆರಳನ್ನು ಎತ್ತಿ ತೋರಿಸಿದ. ಸಿದ್ದಲಿಂಗ ಅದನ್ನೇ ನೋಡುತ್ತ ನಿಂತ. ಕೊಡ ತುಂಬಾ ಓರೆಯಾಗಿ ನೀರು ಅವನ ಕಾಲ ಮೇಲೇ ಹರಿಯುತ್ತಿತ್ತು. ಒಂದು ಗಳಿಗೆ ಹೊಡೆದೇಬಿಡುತ್ತಾನೆ ಎನಿಸಿತು. ಹೊಡೆದರೆ ಒಳ್ಳೆಯದಿತ್ತು ಎಂದೂ ಎನಿಸಿತು.

"ಹಂಗಾದ್ರ ಕಟಗೊಂಡ ನಡಿ" ಎಂದ ಸಿದ್ದಲಿಂಗ, ಕೊಡ ಕೆಳಗಿಟ್ಟು. "ಅಪ್ಪಗ ಒಂದ ಮಾತ ಹೇಳಬ್ಯಾಡ. ನನಗ ಬಿದ್ದದ್ದು ಒಂದ ಏಟ. ಅದು ಎಂದೋ ಮಾದ ಹೋಗೇತಿ. ಈಗ ಗೊತ್ತಾದ್ರ ಆ ಏಟ ಅಂವ ದಿನಾ ತಿನ್ನಬೇಕಾಗತೈತಿ. ಎಂಬತ್ತೊಂದ ಆಗ್ಯಾವ ಅವಗ."

ಮಾದುಹೋಗಿದೆ ಎನ್ನುವಾಗ ಅವನ ದವಡೆ ಬಿಗಿದದ್ದನ್ನು ಸುಜಯ ನೋಡಿದ. ಊಟದಲ್ಲಿ ಅಪ್ಪ ಮಗ ಆಡಿದ ಒಂದೇ ಮಾತನ್ನೂ ಅವನು ಕೇಳಿದ್ದ. ಆದರೂ ತಲೆಯಾಡಿಸಿದ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಬಿಸಿಲು ಹೊಳೆಯಾಚೆಯ ಕಬ್ಬಿನ ಮೇಲೆ ಕೆಂಪಾಗಿ ಮಲಗಿತ್ತು. ಸಿದ್ದಲಿಂಗ ಫ್ರೇಮನ್ನು ತಂದು ಅಂಗಳದಲ್ಲಿ ಅಪ್ಪನ ಮುಂದೆ ನಿಲ್ಲಿಸಿ ಹಿಡಿದುಕೊಂಡ, ಬಲಗಡೆಯ ತಗ್ಗು ತನ್ನ ಕಾಲಿನ ಮರೆಗೆ ಬರುವ ಹಾಗೆ. ಶಿವಗಂಗವ್ವ ಕುಂಕುಮ ತಂದು ಮುಂದಿನ ಪೈಪಿಗೆ ಹಚ್ಚಿದಳು. ಸುಜಯ ತನ್ನ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಧರೆಪ್ಪ ರುಮಾಲು ಸರಿಮಾಡಿಕೊಂಡು, ಕೆಮ್ಮಿ, ಪಂಚಾಯ್ತಿಯಲ್ಲಿ ಕೇಳುವವನಂತೆ ದನಿ ಎತ್ತಿದ.

"ಐಬ ಏನಾರ ಕಂಡಿತೇನ್ರಿ?"

"ಇಲ್ರಿ" ಎಂದ ಸುಜಯ. ತಕ್ಷಣ ಬಂತು ಮಾತು, ಕೇಳುವವರು ಬಾಯಿ ಮುಚ್ಚುವ ಮೊದಲೇ. ಅದೇ ದನಿ, ಅದೇ ಅವಸರ. ರಸ್ತೆಯ ಮೇಲೆ ಕೂತು ಹೂಂ ಎಂದ ಹುಡುಗ ಇನ್ನೂ ಅವನ ಗಂಟಲಲ್ಲೇ ಇದ್ದ.

"ಐಬ ಏನಾರ ಕಂಡಿತೇನ್ರಿ?"

ಸುಜಯ ಸಿದ್ದಲಿಂಗನನ್ನು ನೋಡಿದ. ಸಿದ್ದಲಿಂಗ ಬೇಡವೆಂದು ಸಣ್ಣಗೆ ತಲೆ ಅಲ್ಲಾಡಿಸಿದ. ಉತ್ತರ ಬರದೆ ಇದ್ದದ್ದಕ್ಕೆ ಧರೆಪ್ಪ ಕಿವಿ ಈ ಕಡೆ ತಿರುಗಿಸಿದ.

"ಪಾವಣ್ಯಾರ, ಐಬ ಏನಾರ ಕಂಡಿತೇನ್ರಿ?"

ಸುಜಯ ಹಗ್ಗ ಕೆಳಗೆ ಹಾಕಿದ. ಮುಂದೆ ಹೋಗಿ ಮುದುಕನ ಬಲಗೈ ಹಿಡಿದ. ಒರಟಾದ, ಒಣಗಿದ, ಹಗುರವಾದ ಕೈ. ಸಿದ್ದಲಿಂಗ "ಬ್ಯಾಡಲೇ" ಎಂದ, ಆದರೆ ಫ್ರೇಮನ್ನು ಸರಿಸಲಿಲ್ಲ. ಸುಜಯ ಆ ಕೈಯನ್ನು ಹಿಂದಿನ ಪೈಪಿನ ಬಲಗಡೆಗೆ ಒಯ್ದು, ಹೆಬ್ಬೆರಳನ್ನು ತಗ್ಗಿನಲ್ಲಿಟ್ಟ.

ಎತ್ತಿನ ಮೈ ಸವರಿ ಹಳೆಯ ಪೆಟ್ಟು ಯಾವುದು, ಹೊಸದು ಯಾವುದು, ಹೊಡೆದವನು ಯಾವ ಮಗ್ಗುಲಲ್ಲಿ ನಿಂತಿದ್ದ ಎಂದು ಹೇಳುತ್ತಿದ್ದ ಕೈ ಅದು. ಪುಟ್ಟಿ ಮೆತ್ತುವಾಗ ತಗ್ಗು ಮುಚ್ಚುವುದಷ್ಟೇ ಅದಕ್ಕೆ ಬೇಕಾಗಿತ್ತು, ಈಗ ಹುಡುಕತೊಡಗಿತು. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಗಿ ಆಳದಲ್ಲಿ ನಿಂತಿತು. ಎಡಗೈ ತಾನಾಗಿಯೇ ಎದ್ದು ಮುಂದಿನ ಚಿಮಟಾವನ್ನು ಹುಡುಕಿ, ಮೇಲಿಂದ ಕೆಳಗೆ ಸವರಿತು. ಮುದುಕ ಎರಡೂ ಕೈ ಚಾಚಿ ಫ್ರೇಮಿನ ಮೇಲೆ ಬಾಗಿ ನಿಂತಿದ್ದ.

"ಇದ ಹಿಂದಿನ ಪೆಟ್ಟ" ಎಂದ ಕೊನೆಗೆ. "ಮುಂದ ಏನೂ ಇಲ್ಲ. ಹಿಂದ ಐತಿ. ಯಾರ ಹೊಡದದ್ದಿದು?"

"ನಾನ್ರಿ ಅಜ್ಜಾರ. ಆ ನಿಪ್ಪಾಣಿ ಹುಡುಗ ನಾನ. ನಾನ ಹಿಂದಿಂದ ಬಂದ ಹೊಡದದ್ದು. ನೋಡದ ಹೂಂ ಅಂದಿದ್ದೆ."

ಧರೆಪ್ಪ ಅವನ ಕಡೆ ಮುಖ ತಿರುಗಿಸಲೇ ಇಲ್ಲ. ಬೈಯಲಿಲ್ಲ, ಹೋಗೆನ್ನಲಿಲ್ಲ. ಶಿವಗಂಗವ್ವನ ಕೈಯಲ್ಲಿದ್ದ ಕುಂಕುಮದ ಬಟ್ಟಲು ಅಲ್ಲೇ ಉಳಿಯಿತು. ಮುದುಕ ಮಗನಿದ್ದ ಕಡೆ ಮುಖ ಎತ್ತಿದ.

"ಸಿದ್ದ್ಯಾ, ಮತ್ತ ನೀ ಯಾಕ ಹೇಳಲಿಲ್ಲೋ?"

"ನೀ ಕೇಳಿದೇನು?" ಎಂದ ಸಿದ್ದಲಿಂಗ.

ದನಿ ಏರಿಸಿರಲಿಲ್ಲ. ಆದರೂ ಶಿವಗಂಗವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಸಿದ್ದಲಿಂಗ ಫ್ರೇಮನ್ನು ಇಟ್ಟಿಗೆಯ ಸಾಲಿಗೆ ಒರಗಿಸಿ, ಅಪ್ಪನ ತೋಳು ಹಿಡಿದು ಕೂರಿಸಿದ.

"ಇದನ್ನ ಕೊಡಾಕ ಬರೂದಿಲ್ರಿ" ಎಂದ ಮುದುಕ, ಗಾಳಿಗೆ ಹೇಳುವಂತೆ. "ಐಬ ಇದ್ದದ್ದ ನಮ್ಮ ಮನಿಂದ ಹೊರಗ ಹೋಗೂದಿಲ್ಲ."

"ಹೂಂ" ಎಂದ ಸುಜಯ.

ಸಿದ್ದಲಿಂಗ ಒಳಗೆ ಹೋಗಿ ಬಟ್ಟೆಯ ಚೂರು ಮತ್ತು ಪಂಪಿನ ಡೀಸೆಲ್ ಇಟ್ಟ ಡಬ್ಬಿ ತಂದ. ಅಪ್ಪನ ಮುಂದೆ ಮಂಡಿಯೂರಿ ಕೂತು, "ಕೈ ತಾ ಇಲ್ಲಿ, ಬಣ್ಣ ಆಗೇತಿ" ಎಂದ. ಮುದುಕ ಬಲಗೈ ಚಾಚಿದ. ಅವನು ಒಂದೊಂದೇ ಬೆರಳನ್ನು ಹಿಡಿದು ಒರೆಸತೊಡಗಿದ, ಉಗುರಿನ ಸಂದಿಯನ್ನೂ ಬಿಡದೆ. ಸುಜಯ ತನ್ನ ಹಗ್ಗವನ್ನು ನೆಲದಿಂದ ಎತ್ತಿಕೊಂಡು, ಮೊಣಕೈಗೆ ಸುತ್ತುತ್ತ ಬೈಕಿನ ಕಡೆ ನಡೆದ. ಯಾರೂ ಹೋಗಿ ಬರ್ರಿ ಎನ್ನಲಿಲ್ಲ. ಅವನೂ ಕಾಯಲಿಲ್ಲ. ಬೈಕು ಚಾಲೂ ಮಾಡಲು ಕಾಲು ಎತ್ತಿದವನು, ಹಾಗೇ ಇಳಿಸಿ, ಹ್ಯಾಂಡಲ್ಲು ಹಿಡಿದು ನೂಕಿಕೊಂಡು ಹೊರಟ.

"ನನ್ನ ಏಟ ಭಾಳ ಜೋರ ಹತ್ತಿತ್ತೇನೋ ಅವತ್ತ?" ಹಿಂದೆ ಮುದುಕ ಕೇಳುತ್ತಿದ್ದ.

ಡೀಸೆಲ್ಲಿನ ವಾಸನೆ ಓಣಿಯ ತನಕ ಬಂದಿತ್ತು.

"ಜೋರ ಹತ್ತಿತ್ತೇನೋ ಸಿದ್ದ್ಯಾ?"

ಸುಜಯ ಓಣಿಯ ಮೂಲೆಗೆ ಬಂದಿದ್ದ. ಇನ್ನು ನಾಲ್ಕು ಹೆಜ್ಜೆಗೆ ಡಾಂಬರು ರಸ್ತೆ. ಅಲ್ಲಿ ನಿಂತರೆ ಮಗ ಏನನ್ನುತ್ತಾನೋ ಕೇಳಿಸುತ್ತಿತ್ತು. ಮುದುಕ ಮೂರನೆಯ ಸಲ ಕೇಳುವುದು ಕಿವಿಗೆ ಬಿದ್ದದ್ದೇ ತಡ, ಅವನು ನಿಲ್ಲದೆ, ಕೆಂಪು ಹೆಬ್ಬೆರಳಿನ ಕೈಯಲ್ಲಿ ಬೈಕು ನೂಕುತ್ತ ರಸ್ತೆಗೆ ಇಳಿದ.